ಅತ್ತಿಗೆಯ ಮೇಲೆ ಬರೆದ ಅರ್ಜಿ

ನನ್ನ ಮೈದುನ ಮಾದೇಶ ಏಳು ವರ್ಷ ಸುಮ್ಮನೆ ಕೂತಿದ್ದು ಮತ್ತೆ ಬರೆಯೋಕೆ ಶುರು ಮಾಡಿದ್ದು ದೇವರ ದಯೆಯಿಂದಲ್ಲ, ಬೆಟ್ಟದ ಗಾಳಿಯಿಂದಲೂ ಅಲ್ಲ. ನನ್ನ ಮೇಲಿನ ಸಿಟ್ಟಿನಿಂದ. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಅವನು ಮುನ್ನುಡಿಯಲ್ಲಿ ಮಾಡಿಕೊಂಡಿರೋ ಅಲಂಕಾರ.

ಆ ಮುನ್ನುಡಿಯನ್ನ ಮೊನ್ನೆ ಸಾಯಂಕಾಲ ನನ್ನ ಮೊಮ್ಮಗಳು ಓದಿ ಹೇಳಿದಳು. ಆಗ ಬರೆದ ಕಾದಂಬರಿ ಎರಡನೇ ಸಲ ಅಚ್ಚಾಗಿದೆ ಅಂತ, ಈಗ ತಾನಿರೋ ಯಳಂದೂರಿಂದ ಬರುವಾಗ ಅವನೇ ಒಂದು ಪ್ರತಿ ತಂದಿದ್ದ. ಬಿಚ್ಚಿದರೆ ಅಂಟಿನ ವಾಸನೆ, ಹಳಸಿದ ಗಂಜಿಯ ಹಾಗೆ. ಕೊಳ್ಳೇಗಾಲದ ನಮ್ಮ ಮನೆಯ ಪ್ರಶಾಂತವಾದ ಮೌನವೇ ಅವನ ಲೇಖನಿಗೆ ಮರುಜೀವ ಕೊಟ್ಟಿತಂತೆ. ಮೌನವಂತೆ. ನೇಕಾರರ ಬೀದಿಯಲ್ಲಿ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ನನ್ನ ಕಿವಿಯದೇ ತಪ್ಪಿರಬಹುದು ಅಂತ ಇನ್ನೊಂದು ಸಲ ಓದಿಸಿದೆ. ಹಾಗೇ ಇತ್ತು.

ನೀವು ನೇಕಾರರ ಮನೆಯಲ್ಲಿ ಒಂದು ದಿನ ಇದ್ದಿದ್ದರೂ ನಿಮಗೆ ಗೊತ್ತಿರುತ್ತೆ. ಮಗ್ಗ ಆಡುವಾಗ ಕೂಸು ನಿದ್ದೆ ಮಾಡುತ್ತೆ, ನಿಂತರೆ ಎದ್ದು ಅಳುತ್ತೆ. ನನ್ನ ಮಕ್ಕಳು ಹಾಗೇ ಬೆಳೆದವು, ಮಾದೇಶನೂ ಹಾಗೇ ಬೆಳೆದವನು. ಅಂಥ ಮನೆಯಲ್ಲಿ ಅವನಿಗೋಸ್ಕರ ಮಗ್ಗ ನಿಲ್ಲಿಸಿದೆವು. ರಾಜ್ಯ ಒಂದಾದ ಮಾರನೇ ವರ್ಷ ಅವನ ಮೊದಲ ಕಾದಂಬರಿ ಬಂತು, ಮೈಸೂರಿಗೆ ಕರೆಸಿ ಹಾರ ಹಾಕಿದರು. ಹಾರ ಒಣಗೋದಕ್ಕೆ ಮುಂಚೆ ನಮ್ಮತ್ತೆಯ ಹುಕುಂ ಆಯ್ತು: ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಮಗ್ಗ ಆಡಿಸಬಾರದು, ರುಬ್ಬುಗುಂಡು ಮುಟ್ಟಬಾರದು, ಕೂಸು ಅತ್ತರೆ ಪಕ್ಕದ ಮನೆಗೆ ಎತ್ತಿಕೊಂಡು ಹೋಗಬೇಕು. ತಮ್ಮನ ಮೇಲಿನ ಅಕ್ಕರೆಗೆ ನಮ್ಮ ಯಜಮಾನರು ಮಧ್ಯಾಹ್ನದ ಮೇಲೇ, ಕಾಲು ಇಳಿಬಿಟ್ಟು ನೇಯೋ ಮಗ್ಗದ ಗುಂಡಿಗೆ ಇಳಿಯೋರು. ಇವನು ಕೋಣೆಯಲ್ಲಿ ಜಂತೆ ನೋಡಿಕೊಂಡು ಮಲಗಿರೋನು. ಶಾಯಿ ಬಾಟಲಿಯಲ್ಲೇ ಒಣಗೋದು. ಒಂದು ಸಲ ಸ್ಫೂರ್ತಿ ಬೇಕು ಅಂತ ಬಿಳಿಗಿರಿ ಬೆಟ್ಟಕ್ಕೆ ಹೋಗಿ ಮೂರು ದಿನ ಇದ್ದು ಬಂದ. ಸ್ಫೂರ್ತಿ ಬರಲಿಲ್ಲ, ಮೈಗೆ ಕಚ್ಚಿಕೊಂಡು ಉಣ್ಣೆ ಬಂದವು. ಅವನ ಹೆಂಡತಿ ಒಂದೊಂದಾಗಿ ಕಿತ್ತು ಸೀಮೆಎಣ್ಣೆಗೆ ಹಾಕಿದಳು.

ಏಳು ವರ್ಷ ಹೀಗೇ. ಕೊನೆಗೆ ಅವನ ಮಾವ, ಯಳಂದೂರಿನ ಜವಳಿ ಅಂಗಡಿಯವರು, ಯುಗಾದಿವರೆಗೆ ನೋಡ್ತೀನಿ, ಆಮೇಲೆ ಅಳಿಯ ಬಂದು ಗಜಕಡ್ಡಿ ಹಿಡೀಲಿ ಅಂತ ಹೇಳಿ ಕಳಿಸಿದರು. ಬಟ್ಟೆ ಅಳೆಯೋದೂ ಕೆಲಸವೇ ಅಂತ ನಾನಂದುಕೊಂಡೆ. ಒಂದು ದಿನ ಮಜ್ಜಿಗೆ ಕೊಡೋಕೆ ಒಳಗೆ ಹೋದರೆ ಇವನು ಬರೀತಾ ಕೂತಿದ್ದಾನೆ. ಬಗ್ಗಿ ನೋಡಿದೆ. ಪಕ್ಕದಲ್ಲಿ ಅವನದೇ ಹಳೇ ಕಾದಂಬರಿ ತೆರೆದಿತ್ತು. ಅದನ್ನೇ, ಮಕ್ಕಳು ಕಾಪಿ ಬರೆಯೋ ಹಾಗೆ, ಸಾಲು ಸಾಲಾಗಿ ಇಳಿಸ್ತಿದ್ದ.

"ಕೈ ಮರ್ತೋಯ್ತದೆ ಅಂತ ಅತ್ಗೆ," ಅಂದ. "ಯಾರ್ಗೂ ಅನ್ಬೇಡಿ."

ಅನ್ನಲಿಲ್ಲ. ಆದರೆ ಅವತ್ತಿಂದ ಅವನನ್ನ ಸೋಮಾರಿ ಅಂತ ಬಯ್ಯೋಕೆ ನನಗೆ ಬಾಯಿ ಬರಲಿಲ್ಲ. ಬಯ್ಯೋ ಸುಖವೂ ಹೋಯ್ತು.

ಯುಗಾದಿ ಹತ್ತಿರ ಬಂತು. ಬಂಡಳ್ಳಿಯವರ ಮನೆಯ ಧಾರೆ ಸೀರೆ ಮಗ್ಗದ ಮೇಲಿತ್ತು, ಐದು ದಿನದಲ್ಲಿ ಕೊಡಬೇಕು, ಅಷ್ಟರಲ್ಲಿ ಯಜಮಾನರ ಹೆಬ್ಬೆರಳಿಗೆ ಉಗುರುಸುತ್ತು. ಬರೀ ಮಧ್ಯಾಹ್ನ ನೇಯ್ದರೆ ಮುಗಿಯೋದಲ್ಲ ಅಂತ ಬೆಳಿಗ್ಗೆ ಏಳಕ್ಕೆ ನಾನೇ ಗುಂಡಿಗೆ ಇಳಿದೆ. ಅತ್ತೆ ಓಡಿ ಬಂದು ಬಾಯಿಗೆ ಸೆರಗು ಹಿಡಿದು ನಿಂತರು. ಕೋಣೆಯ ಬಾಗಿಲು ತೆರೀತು.

"ನಿಲ್ಸಿ ಅತ್ಗೆ. ಈಗ ತಾನೇ ತಲೆಗೆ ಏನೋ ಬತ್ತಿತ್ತು."

"ಏಳು ವರ್ಸದಿಂದ ಬತ್ತಾನೇ ಅದೆ. ಬಂದ್ಮೇಲೆ ಕೂಗು, ಮಣೆ ಆಕ್ತೀನಿ."

ಬಾಗಿಲು ಧಡಾರನೆ ಮುಚ್ಚಿತು. ಎರಡನೇ ದಿನ ಒಳಗಿಂದ ಮಜ್ಜಿಗೆ ಲೋಟ ಬಂದು ಅದೇ ಬಾಗಿಲಿಗೆ ಬಡಿದು ಠಣಾರ್ ಅಂತು. ಊಟಕ್ಕೆ ಬಂದಾಗ ನೋಡಿದರೆ ಬೆರಳೆಲ್ಲ ಶಾಯಿ. ಪುರಸಭೆಗೆ ಅರ್ಜಿ ಬರೀತಿದ್ದಾನಂತೆ, ಹೊತ್ತುಗೊತ್ತಿಲ್ಲದೆ ಮಗ್ಗ ಆಡಿಸೋರಿಗೆ ಒಂದು ಬಂದೋಬಸ್ತು ಆಗಬೇಕಂತೆ. ಬರೆಯಪ್ಪ, ನನ್ನ ಹೆಸರು ಮಾತ್ರ ತಪ್ಪಿಲ್ಲದೆ ಬರಿ ಅಂದೆ.

ಅರ್ಜಿ ಅಂದರೆ ಒಂದು ಹಾಳೆ ಅಲ್ಲವೇ? ಐದನೇ ದಿನ ಸೀರೆ ಇಳಿಸುವಾಗ ಇವನದು ಮೂವತ್ತು ದಾಟಿತ್ತು. ಕೊಡೋದಕ್ಕೆ ಮುಂಚೆ ಮನೆಯವರಿಗೆ ಕೇಳಿಸೋದು ನ್ಯಾಯ ಅಂತ ನಡುಮನೆಯಲ್ಲಿ ನಿಂತು ಓದಿದ. ಶುರುವಿನಲ್ಲಿ ಮಾನ್ಯರೇ ಅಂತೆಲ್ಲ ಇತ್ತು. ಎರಡನೇ ಹಾಳೆಗೆ ಮಾನ್ಯರು ಎಲ್ಲೋ ಕಳೆದುಹೋದರು. ನಾನು ಬಳೆ ಮೇಲೇರಿಸಿಕೊಂಡು, ಎಮ್ಮೆ ಮಡುವಿಗೆ ಇಳಿಯೋ ಹಾಗೆ ಗುಂಡಿಗೆ ಇಳಿಯೋದು ಇತ್ತು. ಹೆಬ್ಬೆರಳನ್ನ ದೀಪದ ಹಾಗೆ ಎತ್ತಿ ಹಿಡಿದುಕೊಂಡು ಓಡಾಡೋ ಯಜಮಾನರು ಇದ್ದರು. ಅತ್ತೆಯ ಸುಳ್ಳು ಕೆಮ್ಮು ಇತ್ತು. ಅದನ್ನ ಕೇಳಿ ನಕ್ಕು ನಕ್ಕು ಅವರಿಗೆ ನಿಜವಾದ ಕೆಮ್ಮೇ ಬಂತು. ಆಮೇಲೆ ಸತ್ತ ನಮ್ಮ ಮಾವ ಬಂದರು. ಮಗ್ಗದ ಮುಂದೆ ಕೂತಂಗೇ ಹೋದವರು ಅವರು. ಆ ಬೆಳಿಗ್ಗೆ ಮಾದೇಶನಿಗೆ ಎಚ್ಚರವಾದದ್ದು ಯಾರ ಅಳುವಿಗೂ ಅಲ್ಲವಂತೆ, ಮಗ್ಗದ ಸದ್ದು ನಿಂತದ್ದಕ್ಕಂತೆ. ಅತ್ತೆ ಸಾರಿಗೆ ಉಪ್ಪು ಹಾಕಿಲ್ಲ ಅಂತ ಎದ್ದು ಒಳಗೆ ಹೋದರು. ಉಪ್ಪು ನಾನು ಆಗಲೇ ಹಾಕಿದ್ದೆ.

"ಇದು ಅರ್ಜಿ ಅಲ್ಲ ಕಣಪ್ಪ," ಅಂದೆ. "ಮುಗ್ದೂ ಇಲ್ಲ."

ಅವನು ಹಾಳೆಗಳನ್ನ ಕೈಯಲ್ಲಿ ತೂಗಿ ನೋಡಿದ. ಆಮೇಲೆ, "ಅಂಗಾದ್ರೆ ನಾಳೆಯಿಂದ ಮಗ್ಗ ನಿಲ್ಸಿ ಅತ್ಗೆ, ಮುಗಿಸ್ತೀನಿ," ಅಂದ.

ಓದಿದವರ ಬುದ್ಧಿ ಇಷ್ಟೇ. ನಾನು ನಿಲ್ಲಿಸಲಿಲ್ಲ. ಯಜಮಾನರ ಬೆರಳು ವಾಸಿಯಾದ ಮೇಲೆ ಅವರನ್ನೂ ಬೆಳಿಗ್ಗೆಯೇ ಕೂರಿಸಿದೆ. ಯುಗಾದಿಗೆ ಯಳಂದೂರಿಂದ ಬಂದ ಅವನ ಮಾವ ಹಾಳೆಗಳ ಕಟ್ಟು ನೋಡಿ, ಗಜಕಡ್ಡಿಯ ಮಾತೆತ್ತದೆ ಒಬ್ಬಟ್ಟು ತಿಂದು ಹೋದರು. ದೀಪಾವಳಿಗೆ ಕಾದಂಬರಿ ಮುಗೀತು. ಅಷ್ಟರಲ್ಲಿ ಲೋಟಕ್ಕೆ ಒಂಬತ್ತು ತಗ್ಗು.

ಮೊನ್ನೆ ಮುನ್ನುಡಿ ಕೇಳಿ ಆದ ಮೇಲೆ ಅವನ ಬೆರಳು ನೋಡಿದೆ. ಒಂದು ಚುಕ್ಕೆ ಶಾಯಿ ಇಲ್ಲ. ಎರಡು ವರ್ಷದಿಂದ ಏನೂ ಬರೆದಿಲ್ಲವಂತೆ. ಯಳಂದೂರಿನ ಮನೆ ಮುಂದೆ ಬಸ್ಸಿನ ಹಾರನ್ನು, ಅದಕ್ಕೆ ಇಲ್ಲಿ ಒಂದು ತಿಂಗಳು ಆ ಕೋಣೆಯಲ್ಲಿ ಇದ್ದರೆ, ಆ ಮೌನದಲ್ಲಿ, ಅಂತ ಶುರು ಮಾಡಿ ನಿಲ್ಲಿಸಿದ. ತಲೆ ಪೂರ್ತಿ ನೆರೆತಿದೆ. ಚೀಲದಲ್ಲಿ ಹಳೇ ಕಾದಂಬರಿ ಇತ್ತು, ಅದರ ಜೊತೆಗೊಂದು ನೋಟುಬುಕ್ಕು. ನಾನು ಬಿಚ್ಚಿ ನೋಡಲಿಲ್ಲ. ಬೆಳಿಗ್ಗೆ ಮಗ್ಗ ಆಡಿಸಬೇಡ ಅಂತ ನನ್ನ ಮಗನಿಗೆ ಆಗಲೇ ಹೇಳಿದ್ದ. ಮಗನೂ ಅಪ್ಪನ ಹಾಗೇ, ಹೂಂ ಅಂದಿದ್ದ. ಇರಪ್ಪ, ನಿಂದೇ ಮನೆ ಅಂದೆ.

ಮಾರನೇ ಬೆಳಿಗ್ಗೆ ಅವನ ಕೋಣೆಗೆ ಮಜ್ಜಿಗೆ ಕಳಿಸಿದೆ, ಅದೇ ತಗ್ಗು ಬಿದ್ದ ಲೋಟದಲ್ಲಿ. ಆಮೇಲೆ ಎರಡು ಮಂಡಿಯನ್ನೂ ಹಿಡಿದುಕೊಂಡು ಗುಂಡಿಗೆ ಇಳಿದು, ಬಳೆ ಮೇಲೇರಿಸಿ, ಲಾಳಿ ಎಸೆದೆ. ಎರಡು ಸಲ ಕೈ ತಪ್ಪಿತು. ನಾಲ್ಕು ಬೆರಳಷ್ಟು ಬಟ್ಟೆ ಆಗೋದರೊಳಗೆ ಲೋಟ ಬಂದು ಬಾಗಿಲಿಗೆ ಬಡೀತು.