ಆರನೇ ಸಾಲಿನ ಬೀಗ

ನಮ್ಮ ಅತ್ತಿಗೆಯನ್ನು ಎಲ್ಲರೂ ಜೆರಾಕ್ಸ್ ಅಕ್ಕ ಎಂದೇ ಕರೆಯುವುದು. ದೊಡ್ಡಾಸ್ಪತ್ರೆಯ ಎದುರಿನ ಸಾಲಿನಲ್ಲಿ, ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಎಂಟಡಿ ಅಗಲದ ಜಾಗ ಅವಳದು. ಎರಡು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಗಿರಾಕಿಗೆಂದು ಇಟ್ಟು ಕಾಗದದ ಕಟ್ಟುಗಳಿಗೆ ಬಿಟ್ಟುಕೊಟ್ಟ ಒಂದು ಕುರ್ಚಿ. ಅವಳು ನನಗಿಂತ ಎರಡೇ ವರ್ಷ ದೊಡ್ಡವಳು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಶಾಲೆ ಬಿಟ್ಟ ಮೇಲೆ ಅವಳ ಅಂಗಡಿಯಲ್ಲಿ ಕೂತು ಟೀ ಕುಡಿದು, ಅವಳ ಕೆಲಸದಲ್ಲಿ ಮೂಗು ತೂರಿಸಿ, ಬೈಸಿಕೊಂಡು ಮನೆಗೆ ಹೋಗುವುದು ನನ್ನ ದಿನಚರಿ.

ನಮ್ಮಣ್ಣ ಬದುಕಿದ್ದಾಗ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕಿತ್ತು. ರಕ್ತ ಶುದ್ಧಿಯಾಗಿ ಬಂದವನಿಗೆ ಮೈಯಲ್ಲಿ ಒಂದು ಹಿಡಿ ತ್ರಾಣ ಇರುತ್ತಿರಲಿಲ್ಲ. ಒಂದು ದಿನ ಅಂಗಡಿಯಲ್ಲಿ ಜನ ಮುಗಿಬಿದ್ದು ಅತ್ತಿಗೆಗೆ ಎದ್ದು ಹೋಗಲಾಗಲಿಲ್ಲ, ಆಟೋದವರು ಯಾರೂ ನಿಲ್ಲಿಸಲಿಲ್ಲ, ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ನಾಲ್ಕು ಗಂಟೆ ಕೂತಿದ್ದ. ರಸ್ತೆ ದಾಟಿದರೆ ಹೆಂಡತಿಯ ಅಂಗಡಿ. ದಾಟುವ ಶಕ್ತಿ ಇರಲಿಲ್ಲ. ಅವನು ತೀರಿಕೊಂಡಿದ್ದು ಅದಾಗಿ ವರ್ಷದ ಮೇಲೆ, ಬೇರೆಯೇ ಕಾರಣಕ್ಕೆ. ಆದರೆ ಅತ್ತಿಗೆಯ ಎದೆಯಲ್ಲಿ ಉಳಿದುಕೊಂಡಿದ್ದು ಆ ಮೆಟ್ಟಿಲು.

ಹದಿಮೂರನೆಯ ದಿನ ಕಳೆದು ಅಂಗಡಿ ತೆರೆದವಳೇ ಮೊದಲು ಮಾಡಿದ್ದು ಒಂದು ವಾಟ್ಸಾಪ್ ಗುಂಪು. ಅದರಲ್ಲಿ ನಾನು, ಔಷಧಿ ಅಂಗಡಿಯವರು, ಬೋರ್ಡು ಬರೆಯುವ ಪೇಂಟರ್, ಅವನ ಸ್ಕೂಟರು. ಅಷ್ಟೇ ನಮ್ಮ ಸೈನ್ಯ. ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲರೂ ತೆರೆದು ಬರೆಯಬಹುದಾದ ಒಂದು ಶೀಟು ಮಾಡಿದಳು. ಡಯಾಲಿಸಿಸ್ ಮುಗಿದವರಲ್ಲಿ ಯಾರನ್ನು ಮನೆಗೆ ಕರೆದೊಯ್ಯಬೇಕು, ಎಷ್ಟು ಹೊತ್ತಿಗೆ, ಯಾರು ಕರೆದೊಯ್ಯುತ್ತಾರೆ ಎಂದು ಒಬ್ಬೊಬ್ಬರಿಗೆ ಒಂದೊಂದು ಸಾಲು. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಶೀಟಿಗೆ ಹೋಗುವ ಚೌಕದ ಗುರುತನ್ನು ಮುದ್ರಿಸಿ ಆಸ್ಪತ್ರೆಯ ಕಂಬಕಂಬಕ್ಕೆ ಅಂಟಿಸಿದಳು. ಆರು ತಿಂಗಳಲ್ಲಿ ನಲವತ್ತು ಜನ ಸ್ವಯಂಸೇವಕರಾದರು. ಮೀಟಿಂಗ್ ಇಲ್ಲ, ಅಧ್ಯಕ್ಷರಿಲ್ಲ, ಹಾರ ತುರಾಯಿ ಇಲ್ಲ. ಬೆಳಿಗ್ಗೆ ಶೀಟು ನೋಡು, ಖಾಲಿ ಇದ್ದ ಸಾಲಿನಲ್ಲಿ ನಿನ್ನ ಹೆಸರು ಬರೆ, ಹೋಗು.

ಕೊನೆಯ ಕಲಂ ಮಾತ್ರ ಅವಳ ಸ್ವಂತದ್ದು. ಅದರ ತಲೆಯ ಮೇಲೆ ‘ಮನೆ ಸೇರಿದೆ’ ಎಂದಿತ್ತು. ಅದನ್ನು ಕರೆದೊಯ್ದವರು ತುಂಬುವಂತಿಲ್ಲ, ಹೋದವರೇ ತುಂಬಬೇಕು. ಡಯಾಲಿಸಿಸ್ ಮುಗಿಸಿಕೊಂಡವರು ಹೋಗಿ ಸತ್ತಂತೆ ಮಲಗುತ್ತಾರೆ, ಆದ್ದರಿಂದ ಯಾರೂ ಫೋನ್ ಮಾಡಿ ಎಬ್ಬಿಸಬಾರದು ಎನ್ನುವುದು ಇನ್ನೊಂದು ಕಟ್ಟಳೆ. ಆ ಕಲಮಿನ ಎಲ್ಲ ಚೌಕಗಳೂ ತುಂಬುವವರೆಗೆ ಅತ್ತಿಗೆ ಅಂಗಡಿಯ ಶಟರ್ ಎಳೆಯುತ್ತಿರಲಿಲ್ಲ.

ಜನ ನಮ್ಮ ಜನ ತಾನೇ. ಒಬ್ಬರು ‘ಬಂದೆ’ ಎನ್ನುವರು, ಒಬ್ಬರು ‘ಸೇರಿದೆ ತಾಯಿ’, ಒಬ್ಬರು ಬರೀ ಹೆಬ್ಬೆರಳಿನ ಚಿತ್ರ. ಶೀಟಿನ ತಲೆಯ ಮೇಲೆ ‘ಏಳರಲ್ಲಿ ಏಳು’ ಎಂದು ತೋರಿಸುವ ಸೂತ್ರ ಹಾಕಿಕೊಟ್ಟವಳು ನಾನು. ಅದು ಎಣಿಸುತ್ತಿದ್ದುದು ‘ಮನೆ ಸೇರಿದೆ’ ಎಂದು ತಪ್ಪಿಲ್ಲದೆ ಬರೆದಿದ್ದನ್ನು ಮಾತ್ರ. ಅದಕ್ಕೆ ಅತ್ತಿಗೆ ಸಂಜೆ ಮೊದಲ ಚೌಕದಲ್ಲಿ ‘ಮನೆ ಸೇರಿದೆ’ ಎಂದು ಬರೆದು, ಅದನ್ನೇ ಹಿಡಿದು ಕೆಳಗಿನವರೆಗೆ ಎಳೆದುಬಿಡುವಳು. ಎಲ್ಲವೂ ಒಂದೇ ಥರ ಆಗುತ್ತಿತ್ತು.

"ಎಳೆಯೋ ಮುಂಚೆ ನೋಡ್ತೀಯ ತಾನೇ?" ಎಂದು ನಾನೊಮ್ಮೆ ಕೇಳಿದ್ದೆ.

"ನೋಡದೆ ಎಳೀತೀನಾ? ನೀನು ಸೂತ್ರ ಸರಿಯಾಗಿ ಮಾಡಿದ್ರೆ ನಂಗ್ಯಾಕೆ ಈ ಗತಿ, ಟೀಚರಮ್ಮ."

ನಾನು ಸೂತ್ರ ತಿದ್ದಲಿಲ್ಲ. ಸೋಮಾರಿತನ, ಅಷ್ಟೇ.

ಆ ಗುರುವಾರ ಸಾಲುಗಳು ಏಳು. ಆರನೆಯದು ವಾಚ್ ಮಾಮನದು. ಅವನು ಗಡಿಯಾರ ರಿಪೇರಿಯವನು. ಹಿಂದಿನ ಗಲ್ಲಿಯಲ್ಲಿ ಮೆಟ್ಟಿಲ ಕೆಳಗಿನ ಸಂದಿಯೇ ಅವನ ಅಂಗಡಿ, ಎರಡು ಬೀದಿ ಆಚೆ ಒಂಟಿ ಕೋಣೆಯ ಮನೆ. ಮಹಾ ಕಿರಿಕಿರಿಯ ಮನುಷ್ಯ. ಶೀಟಿನಲ್ಲಿ ಎರಡೂಮುಕ್ಕಾಲು ಎಂದು ಬರೆದಿದ್ದರೆ ‘ಎರಡು ನಲವತ್ತೊಂಬತ್ತು’ ಎಂದು ತಿದ್ದುವನು. ನಾನೂ ಅವನೂ ಮುಖ ಕಂಡಾಗಲೆಲ್ಲ ಜಗಳವಾಡುತ್ತಿದ್ದೆವು, ಯಾಕೆಂದರೆ ಇಬ್ಬರಿಗೂ ಸರಿಯಾಗಿರುವ ಚಟ. ಅವತ್ತು ಅವನನ್ನು ಕರೆದೊಯ್ದವನು ಪೇಂಟರ್. ಮೂರೂವರೆಗೆ ‘ಬಿಟ್ಟೆ’ ಎಂದು ಬರೆದಿದ್ದ.

ಐದು ಗಂಟೆ ದಾಟಿತ್ತು. ಪರೀಕ್ಷೆಯ ಅರ್ಜಿ ಹಿಡಿದ ಹುಡುಗಿಯರು ಅಂಗಡಿಯ ಮುಂದೆ ಸಾಲುಗಟ್ಟಿದ್ದರು. ಅತ್ತಿಗೆ ಒಂದು ಕೈಯಲ್ಲಿ ಕಾಗದ ಹಾಕುತ್ತ ಇನ್ನೊಂದು ಕೈಯಲ್ಲಿ ಚೌಕ ಎಳೆದಳು. ‘ಏಳರಲ್ಲಿ ಏಳು’ ಎಂದಿತು ಸೂತ್ರ.

ಹುಡುಗಿಯರು ಹೋದ ಮೇಲೆ ನೋಡಿದರೆ ‘ಏಳರಲ್ಲಿ ಆರು’.

ಆರನೇ ಸಾಲಿನ ಕೊನೆಯ ಚೌಕ ಖಾಲಿ. ಅದರ ಸುತ್ತ ನೇರಳೆ ಬಣ್ಣದ ಗೆರೆ. ಯಾರೋ ಶೀಟು ತೆರೆದು ಆ ಚೌಕದ ಮೇಲೆ ನಿಂತಿದ್ದರು. ಹೆಸರು ಹಾಕದೆ ಒಳಗೆ ಬಂದವರಿಗೆ ಅದು ತಾನಾಗಿಯೇ ಒಂದು ಪ್ರಾಣಿಯ ಹೆಸರು ಇಡುತ್ತದೆ. ಹೀಗೆ ಆಮೆ, ನರಿ, ಜಿಂಕೆಗಳು ದಿನಾ ಬಂದು ಹೋಗುತ್ತಿದ್ದವು. ಈ ದಿನ ಬಂದಿದ್ದು ‘ಅನಾಮಿಕ ಬಾವಲಿ’.

"ಯಾರದೋ ಕೈ ತಾಗಿದೆ" ಎಂದು ಅತ್ತಿಗೆ ಮತ್ತೆ ‘ಮನೆ ಸೇರಿದೆ’ ತುಂಬಿದಳು.

ಐದೇ ನಿಮಿಷ. ನಾವು ನೋಡುತ್ತಿದ್ದಂತೆಯೇ ಅಕ್ಷರ ಮಾಯವಾಯಿತು. ನನಗೆ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಯಾರೂ ಇಲ್ಲ, ಸದ್ದಿಲ್ಲ, ಕಂಪ್ಯೂಟರಿನ ಬೆಳಕಿನಲ್ಲಿ ಬರೆದದ್ದು ಅಳಿಸಿಹೋಗುತ್ತಿದೆ. ಅತ್ತಿಗೆ ಮೂರನೇ ಸಲ ತುಂಬಿದಳು. ಈ ಸಲ ಬಾವಲಿಗೆ ಬಹಳ ಹೊತ್ತು ಹಿಡಿಯಿತು. ಗೆರೆ ಮೇಲಿನ ಚೌಕಕ್ಕೆ ಹೋಯಿತು, ಪಕ್ಕಕ್ಕೆ ಜಾರಿತು, ತಡಕಾಡಿ ತಡಕಾಡಿ ಮತ್ತೆ ಅದೇ ಜಾಗಕ್ಕೆ ಬಂತು. ಅಳಿಸಿತು.

"ಹೋದ ತಿಂಗಳು ಪೋಲಿ ಮಾತು ಬರೆದಿದ್ನಲ್ಲ ಒಬ್ಬ, ಅವನೇ ಇರಬೇಕು ಕಣೇ" ಎಂದಳು ಅತ್ತಿಗೆ. ಹೌದು, ಕಂಬದ ಮೇಲಿನ ಗುರುತು ಹಿಡಿದು ಯಾವನೋ ಪುಂಡ ಒಳಗೆ ನುಗ್ಗಿ ಗಲೀಜು ಮಾಡಿದ್ದ. ಅದನ್ನು ತೊಳೆಯಲು ನಮಗೆ ಅರ್ಧ ದಿನ ಹಿಡಿದಿತ್ತು.

"ಬೀಗ ಹಾಕ್ಬಿಡು" ಎಂದೆ ನಾನು.

"ಹಾಕಬಹುದಾ? ಒಂದೇ ಚೌಕಕ್ಕೆ?"

"ಸರಿ ಅತ್ಲಾಗೆ, ನಾನು ತೋರಿಸ್ತೀನಿ." ಅವಳ ಕೈ ಮೇಲೆ ಕೈ ಇಟ್ಟು ತೋರಿಸಿದೆ. ಇಲ್ಲಿ ಒತ್ತು, ಇದನ್ನು ಆರಿಸು, ನಿನ್ನನ್ನು ಬಿಟ್ಟು ಬೇರೆ ಯಾರೂ ಬದಲಿಸುವ ಹಾಗಿಲ್ಲ. ಅವಳು ನಾಲ್ಕನೇ ಸಲ ‘ಮನೆ ಸೇರಿದೆ’ ಬರೆದು ಬೀಗ ಒತ್ತಿದಳು. ಆಗ ಐದು ನಲವತ್ತು. ನಾವಿಬ್ಬರೂ ನಕ್ಕೆವು ಕೂಡ. ಟೀ ತರಿಸಿದೆವು.

ಅಕ್ಷರ ಅಳಿಯಲಿಲ್ಲ. ಆದರೆ ಬಾವಲಿ ಹೋಗಲೂ ಇಲ್ಲ. ಟೀ ಕುಡಿದಾಯಿತು, ಅತ್ತಿಗೆ ಯಂತ್ರ ಒರೆಸಿದಳು, ಕಸ ಗುಡಿಸಿದಳು. ನೇರಳೆ ಗೆರೆ ಅದೇ ಚೌಕದ ಸುತ್ತ ಅಲುಗಾಡದೆ ಕೂತಿತ್ತು. ತಮಾಷೆಗೆ ಬಂದವನು ಬಾಗಿಲು ಮುಚ್ಚಿದರೆ ಬೇರೆ ಸಾಲಿಗೆ ಹೋಗಿ ತರಲೆ ಮಾಡಬೇಕು. ಇಲ್ಲವೇ ಬೇಸರ ಬಂದು ತೊಲಗಬೇಕು. ಇದು ಎರಡೂ ಮಾಡಲಿಲ್ಲ. ಆರೂಕಾಲಿಗೆ ನನಗೆ ತಡೆಯಲಾಗಲಿಲ್ಲ. ಮುಖ ಕಾಣದ ಯಾರೋ ಗಾಜಿನ ಆಚೆ ನಿಂತು ನಮ್ಮನ್ನೇ ನೋಡುತ್ತಿರುವ ಹಾಗಿತ್ತು.

"ಅತ್ತಿಗೆ, ಆ ಚೌಕದಲ್ಲಿ ಮೊದಲು ಅವರೇ ಬರೆದಿದ್ರಾ?"

ಅವಳು ಹಿಂದಿನ ಬದಲಾವಣೆಗಳ ಪಟ್ಟಿ ತೆಗೆದಳು. ಅದನ್ನು ತೆಗೆಯುವುದು ಮೊದಲೇ ಗೊತ್ತಿತ್ತು ಇಬ್ಬರಿಗೂ. ಆರನೇ ಸಾಲಿನ ಕೊನೆಯ ಚೌಕ ಐದು ಗಂಟೆ ಹತ್ತು ನಿಮಿಷದವರೆಗೆ ಖಾಲಿ ಇತ್ತು. ಅಲ್ಲಿ ಮೊದಲು ಬರೆದವಳು ಅವಳೇ, ಚೌಕ ಎಳೆದಾಗ.

ಅತ್ತಿಗೆ ಕಟ್ಟಳೆ ಮುರಿದು ವಾಚ್ ಮಾಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಎರಡೇ ರಿಂಗಿಗೆ ಎತ್ತಿದರು.

"ಮಾಮ? ಮಾಮ, ಮನೇಲಿದೀರಾ?"

ಮಾತಿಲ್ಲ. ಒಂದು ಉಸಿರು, ಎಳೆದೆಳೆದು ಬಿಡುವ ಉಸಿರು. ಅದರ ಹಿಂದೆ ಟಿಕ್ ಟಿಕ್ ಟಿಕ್, ಒಂದಲ್ಲ, ಹತ್ತಾರು, ಒಂದರ ಮೇಲೊಂದು ಬೀಳುವ ಸದ್ದು. ಎಂಟಡಿಯ ಆ ಅಂಗಡಿ ಆ ಸದ್ದಿನಿಂದ ತುಂಬಿಹೋಯಿತು.

"ಅವನ ಮನೇಲಿ ಒಂದೂ ಗಡಿಯಾರ ಇಲ್ಲ" ಎಂದಳು ಅತ್ತಿಗೆ. "ದಿನವಿಡೀ ಅದನ್ನೇ ನೋಡ್ತೀನಿ, ಮನೇಲೂ ಬೇಕಾ ಅಂತಿದ್ದ."

ಶಟರ್ ಎಳೆಯದೆ ಓಡಿದೆವು. ಗಲ್ಲಿಯಲ್ಲಿ ಅವನ ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ಅಕ್ಕಪಕ್ಕದವರು ಮುಚ್ಚಿದೆ ಎಂದುಕೊಂಡು ಅದರ ಮುಂದೆಯೇ ನಿಂತು ಹರಟೆ ಹೊಡೆಯುತ್ತಿದ್ದರು. ಬಗ್ಗಿ ಒಳಗೆ ಹೋದೆವು. ಗೋಡೆಯ ತುಂಬ ಗಡಿಯಾರ, ಎಲ್ಲದರಲ್ಲೂ ಒಂದೇ ಹೊತ್ತು, ಆರು ಇಪ್ಪತ್ತೆರಡು. ಮೇಜಿಗೂ ಗೋಡೆಗೂ ನಡುವೆ ಅವನು ಬಲ ಮಗ್ಗುಲಾಗಿ ಬಿದ್ದಿದ್ದ. ಬಾಯಿ ಒಂದು ಕಡೆಗೆ ಜಾರಿತ್ತು. ಕಣ್ಣು ತೆರೆದಿತ್ತು. ಎಡಗೈಯಲ್ಲಿ ಫೋನು, ಫೋನಿನಲ್ಲಿ ನಮ್ಮ ಶೀಟು. ಅದರ ಮೇಲೆ ಒಂದು ಸೂಚನೆ: ಈ ಚೌಕವನ್ನು ಬದಲಿಸಲು ನಿಮಗೆ ಅನುಮತಿ ಇಲ್ಲ.

ಅತ್ತಿಗೆ ಅದನ್ನು ಓದಿದಳು. ನಾನೂ ಓದಿದೆ. ಅವಳು ಅವನ ತಲೆ ತನ್ನ ತೊಡೆಯ ಮೇಲೆ ಎತ್ತಿಕೊಂಡಳು.

ಪೇಂಟರ್ ಆಸ್ಪತ್ರೆಗೆ ಓಡೋಡಿ ಬಂದು ಗೋಳಾಡಿದ. "ಒಂದು ವಾಚು ಕೊಡೋದಿದೆ, ಗಲ್ಲಿ ಬಾಯಲ್ಲಿ ಬಿಡು, ನಾನೇ ಮನೆಗೆ ಹೋಗ್ತೀನಿ ಅಂದ್ರು. ಅವರ ಮಾತು ಮೀರೋದುಂಟಾ?" ಪಾಪ, ಅವನದೇನು ತಪ್ಪು. ಡಾಕ್ಟರಮ್ಮ ಹೇಳಿದ್ದು ಇಷ್ಟು: ಐದು ಗಂಟೆಯ ಹೊತ್ತಿಗೆ ಪಾರ್ಶ್ವವಾಯು ಹೊಡೆದಿದೆ. ಬಲಗೈ, ಬಲಗಾಲು ಹೋಗಿವೆ. ಮಾತಿನ ಜೊತೆಗೆ ಬರೆಯುವುದೂ ಹೋಗಿದೆ, ಓದಿದ್ದು ಮಾತ್ರ ಅಷ್ಟಿಷ್ಟು ತಿಳಿದಿರಬಹುದು. ಎಡಗೈ ಹೆಬ್ಬೆರಳಿಗೆ ಬರೆದದ್ದನ್ನು ಅಳಿಸಲು ಮಾತ್ರ ಬಂದಿರಬೇಕು.

"ಒಂದು ಗಂಟೆ ಮುಂಚೆ ತಂದಿದ್ರೆ ಇನ್ನೂ ಸ್ವಲ್ಪ ಉಳಿಸಬಹುದಿತ್ತು" ಎಂದರು.

ಆ ಒಂದು ಗಂಟೆ ನಮಗೆ ಗೊತ್ತು. ನಾನಿಲ್ಲಿ ಬಿದ್ದಿದ್ದೇನೆ, ಮನೆ ಸೇರಿಲ್ಲ ಎಂದು ಅವನು ಮೂರು ಸಲ ಹೇಳಿದ್ದ. ಇಲ್ಲ, ಸೇರಿದ್ದೀಯ ಎಂದು ನಾವು ಅವನ ಕಣ್ಣೆದುರಿಗೇ ಬರೆದಿದ್ದೆವು. ಆಮೇಲೆ ಅವನ ಬಾಯಿಗೆ ಬೀಗ ಹಾಕಿ ಟೀ ಕುಡಿದಿದ್ದೆವು. ರಾತ್ರಿ ಕಣ್ಣು ಮುಚ್ಚಿದರೆ ಇವತ್ತಿಗೂ ನನಗೆ ಆ ನೇರಳೆ ಗೆರೆ ತಡಕಾಡುವುದೇ ಕಾಣುತ್ತದೆ.

ಮಾರನೆಯ ದಿನ ಅತ್ತಿಗೆ ಗುಂಪಿನಲ್ಲಿ ಎಲ್ಲವನ್ನೂ ಬರೆದಳು. ಎಳೆದದ್ದು, ಮತ್ತೆ ಮತ್ತೆ ತುಂಬಿದ್ದು, ಬೀಗ ಹಾಕಿದ್ದು. ಎಲ್ಲದಕ್ಕೂ ‘ನಾನು’ ಎಂದೇ ಬರೆದಿದ್ದಳು. ನಾನು ಓದಿದೆ, ಆದರೆ ನನ್ನ ಪಾಲನ್ನು ಸೇರಿಸಲಿಲ್ಲ. ನಾಲ್ಕು ಜನ ಗುಂಪು ಬಿಟ್ಟರು. ಉಳಿದವರು ಮರುದಿನದ ಸಾಲುಗಳಲ್ಲಿ ಹೆಸರು ಬರೆದರು. ಶೀಟು ನಿಲ್ಲಲಿಲ್ಲ, ನಿಲ್ಲಿಸುವ ಹಾಗೂ ಇರಲಿಲ್ಲ. ಈಗ ಅವಳು ಯಾವ ಚೌಕವನ್ನೂ ಎಳೆಯುವುದಿಲ್ಲ. ಹೆಬ್ಬೆರಳಾಗಲಿ, ‘ಸೇರಿದೆ ತಾಯಿ’ ಆಗಲಿ, ಪರದೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಓದುತ್ತಾಳೆ.

ವಾಚ್ ಮಾಮ ಬದುಕಿಕೊಂಡ. ಮೂರನೆಯ ವಾರ ಅವನಿಗೆ ಒಂದು ಮಾತು ಮರಳಿತು. ಒಂದೇ ಒಂದು: ‘ಸರಿ’. ನರ್ಸು ಸೂಜಿ ಚುಚ್ಚಿದರೂ ಸರಿ, ಗಂಜಿ ಬಿಸಿಯಾಗಿದ್ದರೂ ಸರಿ, ಕಿಟಕಿಯಲ್ಲಿ ಕಾಗೆ ಕೂಗಿದರೂ ಸರಿ. ಕೆಲವರಿಗೆ ಹೀಗೆ ಒಂದೇ ಪದ ಉಳಿಯುತ್ತದೆ, ಅದನ್ನು ಉತ್ತರ ಅಂದುಕೊಳ್ಳಬೇಡಿ ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಮಾತು ತಿಳಿಯುತ್ತದೆಯೇ ಎಂದು ಕೇಳಿದ್ದಕ್ಕೆ, ತಿಳಿಯಬಹುದು, ಹೇಳಲಾಗದು ಎಂದಿದ್ದರು.

ಆ ಸಂಜೆ ನಾವಿಬ್ಬರೂ ಹೋದೆವು. ಅತ್ತಿಗೆ ಸ್ಟೂಲು ಎಳೆದುಕೊಂಡು ಅವನ ಎಡಗೈ ಹಿಡಿದಳು.

"ಮಾಮ, ಅವತ್ತು ನೀವು ಅಳಿಸ್ತಾ ಇದ್ರಲ್ಲ, ಅದಕ್ಕೆ ಬೀಗ ಹಾಕಿದ್ದು ನಾನು. ಯಾರೋ ಪೋಲಿ ಅಂದ್ಕೊಂಡೆ. ಹೇಳದೆ ಇರೋಕೆ ಆಗ್ತಿಲ್ಲ. ನಾನೇ ಹಾಕಿದ್ದು."

ನಾನು ಮಂಚದ ಕಾಲ್ದೆಸೆ ನಿಂತಿದ್ದೆ. ಬೀಗ ಹಾಕು ಎಂದವಳು, ಹಾಕುವುದನ್ನು ಹೇಳಿಕೊಟ್ಟವಳು ನಾನು ಎಂದು ಆಗ ಹೇಳಬೇಕಿತ್ತು. ಅವಳು ತಿರುಗಿ ನನ್ನನ್ನು ನೋಡಲಿಲ್ಲ. ನಾನು ಅವನ ಹೊದಿಕೆಯ ತುದಿ ಸರಿಮಾಡಿದೆ.

ವಾಚ್ ಮಾಮ ಅವಳ ಮುಖವನ್ನು ತುಂಬ ಹೊತ್ತು ನೋಡಿದ. ಆಮೇಲೆ ದಿಂಬಿನ ಮೇಲೆ ತಲೆಯನ್ನು ನಿಧಾನಕ್ಕೆ ಹೊರಳಿಸಿ ನನ್ನ ಕಡೆ ಕಣ್ಣು ನೆಟ್ಟ.

"ಸರಿ" ಎಂದ.