ಯಾವ ಮದ್ದು, ಅತ್ತೆ?

ವೇದಸಂದೂರಿನ ಆಚೆ ನಮ್ಮ ಹೊಲದಲ್ಲಿ ಗೌರಿ ಹೂವಿನ ಬಳ್ಳಿ ಬೆಳೆಯುತ್ತೇವೆ. ಇಲ್ಲಿನ ತಮಿಳಿನಲ್ಲಿ ಅದು ಕಣ್ವಲಿ. ಅದರ ಬೀಜದಿಂದ ಕಂಪನಿಗಳು ಕೀಲುನೋವಿನ ಮಾತ್ರೆಗೆ ಬೇಕಾದ ಸಾರ ತೆಗೆಯುತ್ತವೆ. ಗೆಡ್ಡೆ ವಿಷವೆಂದು ಊರಿಗೆಲ್ಲ ಗೊತ್ತು. ಮುಟ್ಟಿದ ಕೈ ತೊಳೆಯದೆ ಯಾರೂ ಊಟಕ್ಕೆ ಕೂರುವುದಿಲ್ಲ. ಬೀಜವೂ ವಿಷವೇ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಆ ವಾರ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡಿತ್ತು. ದಿಂಡಿಗಲ್ಲಿನ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಬೀಜ ಕೊಳ್ಳಲು ಬಂದ ವ್ಯಾಪಾರಿ ಆ ಮಾತ್ರೆ ನೋಡಿ, "ಇದರೊಳಗಿರೋದು ನಿಮ್ಮ ಸರಕೇ" ಎಂದು ನಕ್ಕಿದ್ದ.

ಮಧ್ಯಾಹ್ನ ನಾನು ಅಂಗಳಕ್ಕೆ ಬಂದಾಗ, ಒಣಗಲು ಹರಡಿದ ಬೀಜದ ಪಕ್ಕ ಕೂತು ಅತ್ತೆ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ನೋವು ಹೆಂಗಿದೆ?"

"ಮದ್ದು ತಿಂದೆ ಕಂದಾ. ಇನ್ನು ಇಳೀತದೆ."

ನಮ್ಮ ಮನೆಮಾತಾದ ಕನ್ನಡದಲ್ಲಿ ಮಾತ್ರೆಯೂ ಮದ್ದು, ಗಿಡಕ್ಕೆ ಹೊಡೆಯುವುದೂ ಮದ್ದು, ಕಂಪನಿಗೆ ಹೋಗುವ ಬೀಜವೂ ಮದ್ದು.

"ಯಾವ ಮದ್ದು, ಅತ್ತೆ?"

"ಗೆಡ್ಡೆ ತಾನೆ ವಿಷ? ಬೀಜ ವಿಷ ಆದ್ರೆ ಕಂಪನಿಯೋನು ಯಾಕೆ ಕೊಳ್ತಾನೆ? ಅವನು ಅರೆದು ಮಾತ್ರೆ ಮಾಡ್ತಾನೆ, ನಾನು ಹಂಗೇ ಅಗಿದೆ."

ಕಿಟಕಿಯ ಮೇಲೆ ಮಾತ್ರೆಯ ಪಟ್ಟಿ ಒಡೆಯದೆ ಹಾಗೇ ಇತ್ತು.

ಕಾರಿನಲ್ಲಿ ದಿಂಡಿಗಲ್ಲಿನ ಆಸ್ಪತ್ರೆಗೆ ಹೋಗುವಾಗ ಉದ್ದಕ್ಕೂ ಅವಳದು ಗೇಲಿ. "ಕಾಲು ನೋವಿಗೆ ಹೊಟ್ಟೆ ತೊಳೆಸ್ತಾರಂತೆ! ಓದಿ ಓದಿ ಹೆದರಿಕೆ ಕಲ್ತಿದ್ದೀಯ." ನಾನು ಓದಿದ್ದು ರಸಾಯನಶಾಸ್ತ್ರ. ಈ ವಿಷ ಒಳಗೆ ಹೋದ ಮೇಲೆ ಕೆಲವು ಗಂಟೆ ಸುಮ್ಮನಿರುತ್ತದೆ ಎಂದು ಗೊತ್ತಿತ್ತು. ಅವಳು ನಕ್ಕಾಗೆಲ್ಲ ನಾನು ಗಡಿಯಾರ ನೋಡುತ್ತಿದ್ದೆ.

ಸಂಜೆಗೆ ವಾಂತಿ ಶುರುವಾಯಿತು. ಉಳಿಯುತ್ತಾಳಾ ಎಂದು ಅಪ್ಪ ಕೇಳಿದರೆ ಡಾಕ್ಟರು ಗೋಡೆ ನೋಡುತ್ತ "ಪಾರ್ಕಲಾಂ" ಎಂದರು, ನೋಡೋಣ ಅಂತ. ಗೋಡೆ ನೋಡಿದರೋ, ನಾನು ಆಮೇಲೆ ಸೇರಿಸಿಕೊಂಡೆನೋ, ಈಗ ಖಚಿತವಿಲ್ಲ. ಅತ್ತೆ ನನ್ನ ಬೆರಳು ಹಿಡಿದು, "ಬೀಜಾನೂನಾ?" ಎಂದು ಮೆಲ್ಲಗೆ ಕೇಳಿದ್ದು ಮಾತ್ರ ನಿಜ. ಆಮೇಲೆ ಆಸ್ಪತ್ರೆಯಲ್ಲಿದ್ದಷ್ಟು ದಿನ ಅವಳು ಗೇಲಿ ಮಾಡಲಿಲ್ಲ. ರಕ್ತ ಪರೀಕ್ಷೆಯ ಫಲಿತಾಂಶ ದಿನದಿನಕ್ಕೂ ಕೆಡುತ್ತ ಹೋಗಿ, ಕೊನೆಗೊಂದು ಬೆಳಿಗ್ಗೆ ಒಳ್ಳೆಯದರ ಕಡೆ ತಿರುಗಿತು.

ಮನೆಗೆ ಬಂದ ಮೇಲೆ ಬಾಚಣಿಗೆಗೆ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ಅದೂ ಆ ವಿಷದ ಕೆಲಸ, ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರು. ತಲೆ ಬೋಳಾಯಿತು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿದಳು: "ಏನಕ್ಕಾ, ಪಳನಿಗೆ ಹೋಗಿ ದೇವರಿಗೆ ಮುಡಿ ಕೊಟ್ಟು ಬಂದ್ಯಾ? ನಮ್ಮನ್ನ ಕರೀಲೇ ಇಲ್ಲ!"

ಅತ್ತೆ ಸೆರಗು ಸರಿಮಾಡಿಕೊಂಡು ಹೌದೆಂದು ತಲೆಯಾಡಿಸಿದಳು. "ಆಮಾ. ಈ ಸಲ ಅವನೇ ಮನೆತಂಕ ಬಂದು ತಗೊಂಡು ಹೋದ."