ಕೊಟ್ಟವರ ಅಪ್ಪಣೆ

ಅತ್ತೆ ಹಜ್ಜಿಗೆ ಹೊರಡಲು ಹನ್ನೊಂದು ದಿನ ಉಳಿದಿತ್ತು. ಬೆಳಗಿನ ತಿಂಡಿ ಮುಗಿದ ಕೂಡಲೇ ಊಟದ ಮೇಜಿನ ಮೇಲೆ ಫೋನನ್ನು ಎದುರಿಗೆ ಎಳೆದುಕೊಂಡು ಕೂರುತ್ತಿದ್ದರು. ಪಕ್ಕದಲ್ಲಿ ನನ್ನ ಮಗಳ ಹಳೆಯ ಡ್ರಾಯಿಂಗ್ ಪುಸ್ತಕ. ಅದರ ಹಿಂದಿನ ಹಾಳೆಗಳಲ್ಲಿ ನನ್ನ ಕೈಲಿ ಹೆಸರುಗಳನ್ನು ಬರೆಸಿದ್ದರು. ನಾನು ಕಾಲಿಂಗ್ ಕಾರ್ಡಿನ ಉದ್ದನೆಯ ನಂಬರು ಒತ್ತಿ ಕೊಡಬೇಕು, ಅವರು ಮಾತಾಡಬೇಕು. ಗದಗಿನ ಓರಗಿತ್ತಿ, ಲಕ್ಷ್ಮೇಶ್ವರದ ನಾದಿನಿ, ಹಳೇ ಮನೆಯ ಪಕ್ಕದವರು, ಯಾರನ್ನೂ ಬಿಡಲಿಲ್ಲ.

"ಅಂದದ್ದು ಆಡಿದ್ದು ಏನರ ಇದ್ರ ಮಾಫ್ ಮಾಡ್ರೀ. ನಿಮ್ಮದೇನರ ನನ್ನ ಕಡೆ ಉಳದಿದ್ರ ಈಗ ಹೇಳಿಬಿಡ್ರಿ."

ಹಜ್ಜಿಗೆ ಹೋಗುವವರು ಹೀಗೆ ಕೇಳಿಯೇ ಹೋಗಬೇಕು. ಯಾರ ಋಣವನ್ನೂ, ಯಾರ ನೋವನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗುವಂತಿಲ್ಲ. ಹೆಚ್ಚಿನವರು ಅತ್ತು ಮಾಫ್ ಮಾಡಿದರು. ಪಕ್ಕದ ಮನೆಯ ಒಬ್ಬ ಅಜ್ಜಿ ಮಾತ್ರ ಮೂವತ್ತು ವರ್ಷದ ಹಿಂದೆ ಅತ್ತೆ ಒಯ್ದ ಜರಡಿ ವಾಪಸ್ಸು ಬಂದಿಲ್ಲ ಎಂದು ಹಟ ಹಿಡಿದಳು. ಇಬ್ಬರೂ ಅರ್ಧ ಗಂಟೆ ಜರಡಿಯ ವಾದ ಮಾಡಿದರು. ಹತ್ತು ಡಾಲರಿನ ಕಾರ್ಡು ಪೂರ್ತಿ ಖಾಲಿಯಾಯಿತು. ಕೊನೆಗೆ ಊರಲ್ಲಿರುವ ನನ್ನ ಮೈದುನನ ಕೈಲಿ ಹೊಸ ಜರಡಿ ಕೊಂಡು ಕಳಿಸಿದ ಮೇಲೇ ಅತ್ತೆಗೆ ಸಮಾಧಾನ.

ಆ ದಿನ ಪಟ್ಟಿ ಮುಗಿಯಿತು. ಅತ್ತೆ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು.

"ಇನ್ನ ನಿಮ್ಮ ಸಾಲದ ಕಾರ್ಡಿನವರು ಉಳದ್ರು. ಅವರಿಗೆ ಹಚ್ಚು."

ನಾನು ತಿಂಡಿಯ ತಟ್ಟೆಗಳನ್ನು ಎತ್ತತೊಡಗಿದೆ.

ಆ ಕ್ರೆಡಿಟ್ ಕಾರ್ಡುಗಳ ಕತೆಯಲ್ಲಿ ಬೇರೆಯವರನ್ನು ದೂರುವ ಮುಂಚೆ ನನ್ನನ್ನೇ ದೂರಬೇಕು. ಅಮೆರಿಕಾದ ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿಗೆ ಬಂದ ಹೊಸದರಲ್ಲಿ ನನ್ನ ಗಂಡನ ಕಂಪನಿಯಲ್ಲಿ ಸೋಡಾ ಬಿಟ್ಟಿ, ಊಟ ಬಿಟ್ಟಿ, ಸಂಬಳದ ಜೊತೆ ಕೊಟ್ಟ ಷೇರಿಗೆ ಕಾಗದದ ಮೇಲೆ ದಿನಕ್ಕೊಂದು ಬೆಲೆ. "ಷೇರು ಮಾರಿದ ತಕ್ಷಣ ಕಟ್ಟಿಬಿಡೋಣ ರೀ" ಅನ್ನುತ್ತ ಸೋಫಾ ತಂದೆ, ಕಾರಿನ ಮುಂಗಡ ಕಟ್ಟಿಸಿದೆ, ತಂಗಿಯ ಮದುವೆಗೆ ಮೂವರೂ ಬೆಂಗಳೂರಿಗೆ ಹೋಗಿಬಂದೆವು. ನಾಲ್ಕು ಕಾರ್ಡು ತುಂಬಿದವು. ಆಮೇಲೆ ಒಂದು ಶುಕ್ರವಾರ ಕಂಪನಿ ಬಾಗಿಲು ಹಾಕಿತು. ಕುರ್ಚಿ ಮೇಜುಗಳನ್ನು ಪಾರ್ಕಿಂಗ್ ಲಾಟಿನಲ್ಲಿ ಮಾರಿದರು. ನನ್ನ ಗಂಡ ತಾನು ಕೂತು ಕೆಲಸ ಮಾಡಿದ ಕುರ್ಚಿಯನ್ನೇ ಇಪ್ಪತ್ತು ಡಾಲರಿಗೆ ಕೊಂಡು ತಂದರು. ನಾಲ್ಕು ತಿಂಗಳ ನಂತರ ಫಾಸ್ಟರ್ ಸಿಟಿಯಲ್ಲಿ ಅರ್ಧ ಸಂಬಳದ ಕಾಂಟ್ರಾಕ್ಟು ಕೆಲಸ ಸಿಕ್ಕಿತು. ಅಷ್ಟರಲ್ಲಿ ಕಾರ್ಡುಗಳ ಬಡ್ಡಿ ನಮ್ಮ ಬಾಡಿಗೆಯ ಹತ್ತಿರಕ್ಕೆ ಬಂದಿತ್ತು.

ಆಗ ನಾನು ರೇಡಿಯೋದಲ್ಲಿ ಆ ಜಾಹೀರಾತು ಕೇಳಿದೆ. ಎಲ್ಲ ಸಾಲ ಒಂದೇ ಕಂತು, ಬಡ್ಡಿ ಅರ್ಧ, ಲಾಭಕ್ಕಲ್ಲದ ಸೇವಾ ಸಂಸ್ಥೆ. ಫೋನು ಮಾಡಿದೆ. ಎತ್ತಿದ ಹೆಂಗಸಿನ ದನಿ ಎಷ್ಟು ನಯವಾಗಿತ್ತೆಂದರೆ ನಾನು ಅವಳ ಹತ್ತಿರ ಅತ್ತುಬಿಟ್ಟೆ. ಅವಳು ಮೂರೇ ಮಾತು ಹೇಳಿದಳು. ಕಾರ್ಡಿನವರಿಗೆ ಇನ್ನು ಕಟ್ಟಬೇಡಿ, ನಮಗೆ ತಿಂಗಳಿಗೆ ಒಂದೇ ಚೆಕ್ಕು ಕಳಿಸಿ. ಅವರಿಂದ ಬರುವ ಕವರುಗಳನ್ನು ಒಡೆಯದೆ ನಮಗೆ ಕಳಿಸಿ. ಮತ್ತೆ, ಏನೇ ಆದರೂ ಅವರ ಜೊತೆ ನೀವು ಮಾತಾಡಬೇಡಿ, ಮಾತಾಡಿದರೆ ಒಪ್ಪಂದ ಮುರಿಯುತ್ತೆ. ನನ್ನ ಗಂಡ ಕಾಗದಗಳನ್ನು ಎರಡು ದಿನ ಹಿಡಿದುಕೊಂಡು ಕೂತಿದ್ದರು. "ಸಣ್ಣಕ್ಷರ ತುಂಬಾ ಇದೆ ಕಣೇ" ಅಂದರು. ನಾನು ಸಿಡುಕಿದೆ. "ನಿಮಗೆ ಬೇರೆ ದಾರಿ ಗೊತ್ತಿದ್ರೆ ಹೇಳಿ, ಇಲ್ಲಾಂದ್ರೆ ಸೈನ್ ಮಾಡಿ." ಅವರು ಮಾಡಿದರು.

ಅತ್ತೆ ಗದಗಿನಿಂದ ಬಂದಾಗ ಮೂರು ಕಂತು ಹೋಗಿತ್ತು. ಮನೆಯಲ್ಲಿ ಕಾರ್ಡಿನವರ ಫೋನು ದಿನಕ್ಕೆ ಹತ್ತು ಸಲ ಬಡಿದುಕೊಳ್ಳುತ್ತಿತ್ತು, ನಾವು ಎತ್ತುತ್ತಿರಲಿಲ್ಲ. ಒಂದು ಸಲ ನಾಲ್ಕು ವರ್ಷದ ಮಗಳು ಎತ್ತಿ, "ಮಮ್ಮಿ ಸೇಸ್ ಶಿ ಇಸ್ ನಾಟ್ ಹೋಮ್" ಅಂದಳು. ಅತ್ತೆಗೆ ಇಂಗ್ಲಿಷು ಬಾರದು, ಆದರೆ ನನ್ನ ಮುಖ ಓದಲು ಬರುತ್ತಿತ್ತು. ಹೇಳಲೇಬೇಕಾಯಿತು. ಒಂದು ಕಂಪನಿ ನಮ್ಮ ಪರವಾಗಿ ಎಲ್ಲರಿಗೂ ಕಟ್ಟುತ್ತಿದೆ ಎಂದೆ.

"ಸಾಲ ಕೊಟ್ಟಾಂವ ಒಬ್ಬ, ತಗೊಂಡಾಂವ ಒಬ್ಬ. ನಡುವ ಇವನ್ಯಾರು?" ಎಂದು ಕೇಳಿದರು.

"ಇಲ್ಲಿ ಹಾಗೇ ಅತ್ತೆ" ಎಂದೆ, ದೊಡ್ಡ ತಿಳಿದವಳ ಹಾಗೆ.

ಅವರಿಗೆ ನಮ್ಮ ಸಾಲದ ಉಸಾಬರಿ ಯಾಕೆ ಅಂದರೆ, ಹಜ್ಜಿಗೆ ಅವರೊಬ್ಬರೇ ಹೋಗುವಂತಿರಲಿಲ್ಲ, ಮಗ ಜೊತೆಗಿರಬೇಕಿತ್ತು. ನನ್ನ ಗಂಡನ ಒಂದು ಕಾಂಟ್ರಾಕ್ಟು ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿಗೆ ಸರಿಯಾಗಿ ದಿನ ಹೊಂದಿಸಿದ್ದರು. ಇಬ್ಬರೂ ಬೆಂಗಳೂರಿಗೆ ಹಾರಿ ಅಲ್ಲಿಂದ ತಂಡದ ಜೊತೆ ಹೋಗುವುದು. ಇಬ್ಬರ ಖರ್ಚೂ ಅತ್ತೆಯದೇ. ಅವರದು ಮನೆಯಲ್ಲೂ ಕನ್ನಡವನ್ನೇ ಆಡುವ, ಗಾದಿ ಹೊಲಿಯುವ ಮನೆತನ. ಮೂವತ್ತು ವರ್ಷ ಹತ್ತಿಯ ಧೂಳು ಕುಡಿದು ಉಳಿಸಿದ್ದು, ಮೇಲೆ ಎರಡು ಚಿನ್ನದ ಪಾಟಲಿ ಬಳೆ ಮಾರಿದ್ದು, ಎಲ್ಲ ಆ ತಂಡವನ್ನು ಕರೆದೊಯ್ಯುವ ಟೂರಿನವನ ಕೈ ಸೇರಿತ್ತು. ಈಗ ಅವರ ಲೆಕ್ಕ ಸರಳ. ಸಾಲವಿರುವ ಮಗ ಹಜ್ಜಿಗೆ ಹೋಗಬೇಕಾದರೆ ಸಾಲ ಕೊಟ್ಟವರ ಅಪ್ಪಣೆ ಬೇಕು.

"ಅತ್ತೆ, ಅದು ಬ್ಯಾಂಕು. ಹಾಗೆಲ್ಲ ಕೇಳಕ್ಕಾಗಲ್ಲ."

"ಬ್ಯಾಂಕಿನಾಗ ಮನಶ್ಯಾರು ಇರಂಗಿಲ್ಲೇನು? ಹಚ್ಚು."

ಒಪ್ಪಂದ ಮುರಿಯುವ ಭಯ ನನಗೆ. ಆದರೂ ಒಂದು ಫೋನಿಗೆ ಏನಾಗುತ್ತೆ, ಎಲ್ಲ ಸರಿಯಾಗಿ ಕಟ್ಟುತ್ತಿದ್ದಾರೆ ಎಂದು ಬ್ಯಾಂಕಿನವರ ಬಾಯಲ್ಲೇ ಕೇಳಿಸಿದರೆ ಅತ್ತೆ ಸುಮ್ಮನಾಗುತ್ತಾರೆ ಅಂದುಕೊಂಡೆ. ಎಲ್ಲಕ್ಕಿಂತ ದೊಡ್ಡ ಕಾರ್ಡಿನ ಹಿಂದಿದ್ದ ನಂಬರು ಒತ್ತಿದೆ. ಅದರ ಮೇಲೆ ನನ್ನ ಹೆಸರೂ ಇತ್ತು. ಬಹಳ ಹೊತ್ತು ಸಂಗೀತ ಕೇಳಿಸಿ ಒಬ್ಬ ಹೆಂಗಸು ಬಂದಳು.

ನಮ್ಮ ಪರವಾಗಿ ಬರುವ ಹಣ ಸರಿಯಾಗಿ ತಲುಪುತ್ತಿದೆಯೇ ಎಂದು ಕೇಳಿದೆ. ಅವಳು ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು. ಯಾವ ಹಣ ಎಂದಳು. ಏಳು ತಿಂಗಳಿಂದ ಒಂದು ಡಾಲರೂ ಬಂದಿಲ್ಲ. ದಂಡ, ದಂಡದ ಮೇಲೆ ಬಡ್ಡಿ. ಖಾತೆ ಮುಚ್ಚಿದೆ, ಮುಂದಿನ ವಾರ ವಸೂಲಿಯವರಿಗೆ ಹೋಗುತ್ತದೆ. ನಾನು ಕಂಪನಿಯ ಹೆಸರು ಹೇಳಿದೆ. ಅಂಥವರಿಂದ ತಮಗೆ ಒಂದು ಕಾಗದವೂ ಬಂದಿಲ್ಲ ಎಂದಳು.

ಅತ್ತೆ ಎದುರಿಗೇ ಕೂತಿದ್ದರು. ಕೈಯಲ್ಲಿ ತಸ್ಬಿಯ ಜಪಮಣಿಗಳು ನಿಂತಿದ್ದವು.

"ಏನಂತಾಳ ಆಕಿ? ಹೋಗ್ರಿ ಅಂದ್ಲೇನು?"

ಎರಡು ಕ್ಷಣ ಇರಬೇಕು. ಅಷ್ಟರಲ್ಲಿ ಪಾಟಲಿಗಳು, ಮೂಲೆಯಲ್ಲಿ ತೆರೆದಿಟ್ಟ ಸೂಟ್‌ಕೇಸು, ಅದರ ಮೇಲೆ ಹಜ್ಜಿಗೆಂದು ಮಡಿಸಿಟ್ಟ ಬಿಳಿ ಬಟ್ಟೆ, ಎಲ್ಲ ನನ್ನ ಕಣ್ಣಿಗೆ ಬಂದವು.

"ಹೂಂ ಅತ್ತೆ. ಹೋಗ್ರಿ ಅಂದ್ರು."

ಅತ್ತೆಯ ಮುಖ ಅರಳಿತು. ನನ್ನ ಕೈಯಿಂದ ಫೋನು ಕಸಿದುಕೊಂಡೇಬಿಟ್ಟರು. "ಯವ್ವಾ, ನಿನ್ನ ಹೊಟ್ಟಿ ತಣ್ಣಗಿರಲಿ. ನಿನ್ನ ಮಕ್ಕಳು ಸುಖದಿಂದ ಇರಲಿ. ಅಲ್ಲಿ ಹೋಗಿ ನಿನ್ನ ಹೆಸರಲೆ ದುವಾ ಮಾಡ್ತೀನಿ ನಾ" ಎಂದರು. ಅತ್ತ ಕಡೆಯಿಂದ "ಮ್ಯಾಮ್? ಮ್ಯಾಮ್?" ಅನ್ನುವುದು ನನಗೂ ಕೇಳುತ್ತಿತ್ತು.

ಬಟ್ಟೆ ಒಗೆಯುವ ನೆಪದಲ್ಲಿ ಕೆಳಗಿನ ಲಾಂಡ್ರಿ ರೂಮಿಗೆ ಹೋಗಿ ಆ ಕಂತಿನ ಕಂಪನಿಗೆ ಫೋನು ಹಚ್ಚಿದೆ. ನಯವಾದ ದನಿಯವಳು ಈಗ ಅಲ್ಲಿ ಇಲ್ಲವಂತೆ. ಬೇರೆ ಯಾರೋ ಗಂಡಸು. ಮೊದಲ ಮೂರು ಕಂತು ನೀವು ಸ್ವಇಚ್ಛೆಯಿಂದ ಕೊಟ್ಟ ದೇಣಿಗೆ, ನಾಲ್ಕನೇ ಪುಟದಲ್ಲಿ ಸಹಿ ಇದೆ ಎಂದ. ಉಳಿದದ್ದು? ಅದು ಸೇವಾ ಶುಲ್ಕ ಕಳೆದು ‘ಕಾಯ್ದಿರಿಸಲಾಗಿದೆ’. ವಾಪಸ್ಸು ಕೊಡಿ ಎಂದೆ. ಅದಕ್ಕೆ ಒಂದು ಫಾರಂ ಇದೆ ಎಂದ. ನನಗೆ ತಲೆಕೆಟ್ಟಿತು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ನನ್ನ ತವರು ಶಿವಾಜಿನಗರದ ಭಾಷೆಯಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಡ್ರೈಯರಿನ ಮುಂದೆ ನಿಂತಿದ್ದ ಹುಡುಗಿ ಒದ್ದೆ ಬಟ್ಟೆ ಬಿಟ್ಟು ಹೊರಗೆ ಹೋದಳು. ಅವನು ಯಾವಾಗ ಫೋನು ಇಟ್ಟನೋ ನನಗೆ ಗೊತ್ತೇ ಆಗಲಿಲ್ಲ.

ಸಂಜೆ ಗಂಡನಿಗೆ ಕಾರಿನಲ್ಲೇ ಹೇಳಿದೆ. ಅವರು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕೂತರು. ಸಣ್ಣಕ್ಷರದ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

"ಈಗ ಬಾಯಿ ಬಿಡಬೇಡ. ಹೋಗಿ ಬಂದ ಮೇಲೆ ನಾನೇ ಹೇಳ್ತೀನಿ. ಅವ್ವ ಇದಕ್ಕೋಸ್ಕರಾನೇ ಬದುಕಿದ್ದಾಳೆ."

ಹತ್ತು ದಿನ ಬಾಯಿ ಬಿಡಲಿಲ್ಲ. ಬಾಯಿಬಡುಕಿ ಎಂದು ಎರಡೂ ಕಡೆಯ ನೆಂಟರಲ್ಲಿ ಹೆಸರಾದ ನಾನು. ಅತ್ತೆ ಮಾತ್ರ ಊರಿಗೆಲ್ಲ ಫೋನು ಮಾಡಿಸಿ ಹೇಳಿದರು: "ಅಮೆರಿಕಾದ ಬ್ಯಾಂಕಿನಾಕಿ, ನಮ್ಮ ಮಾತ ತಿಳಿಯಂಗಿಲ್ಲ ಆಕಿಗೆ, ಆಕಿ ಸೈತ ಹೋಗ್ರಿ ಅಂದ್ಲು ನೋಡ್ರಿ." ಪ್ರತಿ ಸಲವೂ ನಂಬರು ಒತ್ತಿ ಕೊಟ್ಟವಳು ನಾನೇ. ಮಗಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಹೊರಡುವ ಹಿಂದಿನ ಮಧ್ಯಾಹ್ನ. ನಾನು ದಾರಿಗೆಂದು ರೊಟ್ಟಿ ಕಟ್ಟುತ್ತಿದ್ದೆ. ಅತ್ತೆ ನಮಾಜು ಮುಗಿಸಿ ಅಡುಗೆಮನೆಗೆ ಬಂದು ನನ್ನ ಮುಂದೆ ನಿಂತರು. ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ಎರಡೂ ಕೈ ಜೋಡಿಸಿದರು.

"ಎಲ್ಲಾರೂ ಆದ್ರು. ನೀ ಉಳದಿ. ನೀ ಬಸರಿದ್ದಾಗ ಈ ಹುಡುಗಿಗೆ ಅಡಿಗಿ ಬರಂಗಿಲ್ಲ ಅಂತ ನಿಮ್ಮವ್ವನ ಮುಂದ ಅಂದಿದ್ನಿ. ನೀ ಬಾಗಲದ ಹಿಂದ ನಿಂತು ಕೇಳಿದ್ದಿ, ನನಗ ಗೊತ್ತದ. ಮಾಫ್ ಮಾಡು ತಂಗೀ."

ಜೋಡಿಸಿದ ಆ ಕೈಗಳನ್ನು ನೋಡಿದೆ. ಸೂಜಿ ಹಿಡಿದು ಹಿಡಿದು ಹೆಬ್ಬೆರಳಿನ ತುದಿ ಗಟ್ಟಿಯಾಗಿತ್ತು. ನನ್ನಿಂದ ಆಗಲಿಲ್ಲ. ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ, ಏಳು ಕಂತು, ನಾಲ್ಕನೇ ಪುಟ, ಫೋನಿನ ಸುಳ್ಳು. ಅತ್ತತ್ತು ಹೇಳಿದೆ.

ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

"ಆಕಿ ಹೋಗ್ರಿ ಅಂದೇ ಇಲ್ಲ?"

"ಇಲ್ಲ ಅತ್ತೆ."

"ನಾ ಆಕಿಗೆ ಏನೇನೋ ಅಂದ್ನಲ್ಲ. ಏನ ತಿಳಕೊಂಡ್ಲೋ ಪಾಪ." ಆಮೇಲೆ ಎದ್ದರು. "ಫೋನ್ ಹಚ್ಚು. ಈಗ ನಾ ಹೇಳಿದ್ದ ಹೇಳಬೇಕು. ಹೆಚ್ಚಿಲ್ಲ, ಕಮ್ಮಿಲ್ಲ."

ಈ ಸಲ ಒಬ್ಬ ಗಂಡಸು ಬಂದ. ಅತ್ತೆ ಒಂದೊಂದು ಮಾತು ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ನಾವು ನಿಮಗೆ ಕೊಡಬೇಕು. ಕೊಡುತ್ತೇವೆ. ನನ್ನ ಮಗ ಎಲ್ಲಿಗೂ ಹೋಗುವುದಿಲ್ಲ. ಸ್ವಲ್ಪ ತಡೆಯಿರಿ. ಅವನು ನಗಲಿಲ್ಲ, ಅದೊಂದು ಪುಣ್ಯ. ಖಾತೆ ನೋಡಿ, ಕೆಲಸ ಯಾವಾಗ ಹೋಯಿತು ಎಂದು ಕೇಳಿದ. ಹೇಳಿದೆ. ಕೆಲಸ ಕಳೆದುಕೊಂಡವರಿಗೆ ತಮ್ಮಲ್ಲೇ ಒಂದು ವ್ಯವಸ್ಥೆ ಇದೆ, ಬಡ್ಡಿ ಇಳಿಸಿ ಸಣ್ಣ ಕಂತು ಮಾಡಿಕೊಡುತ್ತಾರೆ ಎಂದ. ಆಗಲೇ ಫೋನು ಮಾಡಿದ್ದರೆ ಅದೇ ದಿನ ಆಗುತ್ತಿತ್ತು. ಈಗ ಖಾತೆ ವಸೂಲಿಗೆ ಹೋಗಿದೆ, ತನ್ನ ಕೈಯಲ್ಲಿ ಹೆಚ್ಚೇನೂ ಇಲ್ಲ.

ಈ ಸಲ ಒಂದಕ್ಷರ ಬಿಡದೆ ಅತ್ತೆಗೆ ಹೇಳಿದೆ.

"ಕೇಳಿದ್ರ ಕೊಡ್ತಿದ್ರು?"

"ಹೂಂ."

"ಖರ್ಚಿಲ್ಲದ?"

"ಹೂಂ ಅತ್ತೆ."

ಅವರು ಸೂಟ್‌ಕೇಸಿನಿಂದ ಬಿಳಿ ಬಟ್ಟೆಯನ್ನು ತೆಗೆದು ತಮ್ಮ ಟ್ರಂಕಿನ ತಳದಲ್ಲಿ ಇಟ್ಟರು. ಸಂಜೆ ಮಗ ಬಂದು ಕಾಲು ಹಿಡಿದರೂ ಮಾತು ಬದಲಿಸಲಿಲ್ಲ. ಟೂರಿನವನು ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ವಾಪಸ್ಸು ಕೊಟ್ಟ. ಅದನ್ನು ಅತ್ತೆ ನಮ್ಮ ಮುಂದಿಟ್ಟರು. "ಕಟ್ಟು. ನೀನಽ ನಿನ್ನ ಕೈಲೆ ಕಟ್ಟು. ನಡುವ ಯಾರೂ ಬ್ಯಾಡ" ಎಂದರು. ಒಂದು ಕಾರ್ಡು ಪೂರ್ತಿ ತೀರಿತು. ಆ ಕಂಪನಿಗೆ ಫಾರಂ ಕಳಿಸಿದೆವು, ದೂರು ಬರೆದೆವು. ಬೇಸಿಗೆಯ ಹೊತ್ತಿಗೆ ಆ ನಂಬರನ್ನು ಯಾರೂ ಎತ್ತುತ್ತಿರಲಿಲ್ಲ.

ತಂಡ ಬೆಂಗಳೂರಿನಿಂದ ಹೊರಟ ದಿನ ಅತ್ತೆ ನಮ್ಮ ಬಾಲ್ಕನಿಯಲ್ಲಿ ಕೂತಿದ್ದರು. ಹತ್ತಿರ ಹೋಗಿ, ನನ್ನನ್ನು ಮಾಫ್ ಮಾಡಿ ಅತ್ತೆ ಎಂದೆ.

"ಆ ಕಂಪನಿಯವರದು ಬ್ಯಾರೆ. ಅದರಾಗ ನೀನೂ ಮೋಸ ಹೋದಾಕಿ" ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. "ಆದ್ರ ನನ್ನ ಮಾರಿ ನೋಡಕೋತ, ಹೋಗ್ರಿ ಅಂದ್ರು ಅಂದಿಯಲ್ಲ. ಅದನ್ನ ಮಾಫ್ ಮಾಡಾಕ ನನಗ ಒಂದಿಷ್ಟು ದಿನ ಬೇಕು ತಂಗೀ."

ಎರಡು ತಿಂಗಳ ಮೇಲೆ ಊರಿಗೆ ಹೋದರು. ಪ್ರತಿ ಭಾನುವಾರ ಫೋನು ಮಾಡುತ್ತಿದ್ದೆ. ಮೊಣಕಾಲು ನೋವು, ಖಾರದಪುಡಿ, ಮೊಮ್ಮಗಳ ಸ್ಕೂಲು, ಎಲ್ಲ ಮಾತಾಡುತ್ತಿದ್ದೆವು. ನಗುತ್ತಿದ್ದರು. ಫೋನು ಇಡುವ ಮುಂಚೆ ಪ್ರತಿ ಸಲವೂ ‘ಮಾಫ್ ಮಾಡಿದ್ರಾ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ಇನ್ನೂ ದಿನ ಬೇಕು ಅಂದುಬಿಟ್ಟರೆ ಎಂಬ ಹೆದರಿಕೆಗೆ ಮುಂದಿನ ವಾರ ಎಂದುಕೊಳ್ಳುತ್ತಿದ್ದೆ. ಮರುವರ್ಷದ ರಂಜಾನಿನಲ್ಲಿ ಅತ್ತೆ ತೀರಿಕೊಂಡರು. ನಮ್ಮ ಕೊನೆಯ ಕಾರ್ಡು ತೀರಲು ಅದಾದ ಮೇಲೂ ಎರಡು ವರ್ಷ ಹಿಡಿಯಿತು.

ಕೇಳಿದ್ದರೆ ಅತ್ತೆ ಕೊಡುತ್ತಿದ್ದರು, ಅವರ ಸ್ವಭಾವವೇ ಹಾಗೆ. ನಾನು ಕೇಳಲೇ ಇಲ್ಲ.